ಏಕೆಂದರೆ, ಆದ್ದರಿಂದ, ಇಂದ: ಇಂಗ್ಲಿಷಿನಲ್ಲಿ ಕಾರಣ ಹೇಳುವಾಗ ಯಾವ ಪದ ಹಿಡಿಯಬೇಕು?

ಒಂದು ರಜೆ ಚೀಟಿಯಿಂದ ಶುರು ಮಾಡೋಣ. ನಮ್ಮ ಕಡೆ ಶಾಲೆ ಕಲಿತವರೆಲ್ಲ ಒಮ್ಮೆಯಾದರೂ ಬರೆದಿರುವ ವಾಕ್ಯ ಇದು: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್, ಸೋ ಕೈಂಡ್ಲಿ ಗ್ರಾಂಟ್ ಮಿ ಲೀವ್.’ ಎರಡು ದಿನಗಳಿಂದ ಜ್ವರ, ಆದ್ದರಿಂದ ರಜೆ ಕೊಡಿ ಎಂದು. ಅರ್ಥವಾಗುವುದಿಲ್ಲವೇ ಎಂದರೆ ಆಗುತ್ತದೆ, ರಜೆಯೂ ಸಿಗುತ್ತದೆ. ಆದರೆ ಆ ಒಂದೇ ಸಾಲಿನಲ್ಲಿರುವ ಆ್ಯಸ್, ಸಿನ್ಸ್, ಸೋ ಎಂಬ ಮೂರು ಪದಗಳಲ್ಲಿ ಒಂದು ತನ್ನದಲ್ಲದ ಜಾಗದಲ್ಲಿ ಕುಳಿತಿದೆ, ಇನ್ನೊಂದು ಅಲ್ಲಿ ಇರಲೇಬಾರದು. ಚೀಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಆಮೇಲೆ ತಿದ್ದೋಣ.

ನಾನು ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಬರವಣಿಗೆ ಹೇಳಿಕೊಡುತ್ತೇನೆ. ರೋಣ, ಮುಂಡರಗಿ, ಸವಣೂರು, ಬ್ಯಾಡಗಿಯ ಕಡೆಯಿಂದ ಬಂದು, ರೂಮು ಮಾಡಿಕೊಂಡು ಪರೀಕ್ಷೆಗೆ ಓದುವವರೇ ಹೆಚ್ಚು. ಮೊದಲ ವಾರದಲ್ಲೇ ಯಾರಾದರೊಬ್ಬರು ಕೇಳುತ್ತಾರೆ: ‘ಮೇಡಂ, ಬಿಕಾಸ್ ಎಂದು ಬರೆದರೆ ಅಂಕ ಕಡಿಮೆ ಬರುತ್ತದೆಯೇ? ಓವಿಂಗ್ ಟು ಎಂದೇ ಬರೆಯಬೇಕೇ?’ ಪದ ಭಾರವಾದಷ್ಟೂ ಇಂಗ್ಲಿಷಿಗೆ ತೂಕ ಬರುತ್ತದೆ ಎಂಬ ನಂಬಿಕೆ. ನಾನು ತಿದ್ದಿದ ಉತ್ತರಗಳಲ್ಲಿ ಅಂಕ ಹೋದದ್ದು ಪದ ಸಣ್ಣದಾಯಿತೆಂದಲ್ಲ, ಆ ಪದದ ಬೆನ್ನಿಗೆ ಬರಬಾರದ್ದು ಬಂದಿತೆಂದು. ಏನು ಬರಬೇಕು, ಏನು ಬರಬಾರದು ಎಂಬುದಕ್ಕೆ ಮುಕ್ಕಾಲು ಪಾಲು ಉತ್ತರ ನಮ್ಮ ಕನ್ನಡದಲ್ಲಿಯೇ ಇದೆ. ಅದನ್ನು ಹುಡುಕಿ ತೆಗೆಯುವುದಷ್ಟೇ ಕೆಲಸ.

ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿ. ಇಂಥ ತಪ್ಪುಗಳನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ.

ಮೊದಲ ಹೆಜ್ಜೆ: ‘ಇಂದ’ ಯಾವುದಕ್ಕೆ ಅಂಟಿದೆ?

ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ‘ಮಳೆಯಿಂದ ಆಟ ನಿಂತಿತು.’ ‘ಮಳೆ ಬಂದದ್ದರಿಂದ ಆಟ ನಿಂತಿತು.’ ಎರಡರ ಅರ್ಥವೂ ಒಂದೇ. ಆದರೆ ಮೊದಲನೆಯದರಲ್ಲಿ ‘ಇಂದ’ ಬರಿಯ ನಾಮಪದಕ್ಕೆ ಅಂಟಿದೆ. ಎರಡನೆಯದರಲ್ಲಿ ‘ಬಂದದ್ದು’ ಎಂಬ ಕ್ರಿಯೆಗೆ ಅಂಟಿದೆ. ಇಂಗ್ಲಿಷ್ ಪದಗಳು ಎರಡು ಗುಂಪಾಗಿ ಒಡೆಯುವುದೂ ಇದೇ ಗೆರೆಯ ಮೇಲೆ.

‘ಮಳೆಯಿಂದ’ ಎಂಬ ಗುಂಪಿನವು ಬಿಕಾಸ್ ಆಫ್, ಡ್ಯೂ ಟು, ಓವಿಂಗ್ ಟು, ಥ್ಯಾಂಕ್ಸ್ ಟು. ಇವುಗಳ ಮುಂದೆ ಒಂದು ನಾಮಪದ ಬಂದರೆ ಸಾಕು, ಪೂರ್ತಿ ವಾಕ್ಯ ಬರುವಂತಿಲ್ಲ: ‘ಬಿಕಾಸ್ ಆಫ್ ದ ರೇನ್’. ‘ಬಂದದ್ದರಿಂದ’ ಎಂಬ ಗುಂಪಿನವು ಬಿಕಾಸ್, ಸಿನ್ಸ್, ಆ್ಯಸ್. ಇವುಗಳಿಗೆ ಕರ್ತೃ, ಕ್ರಿಯಾಪದ ಎರಡೂ ಇರುವ ವಾಕ್ಯವೇ ಬೇಕು: ‘ಬಿಕಾಸ್ ಇಟ್ ರೇನ್ಡ್’.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಕೆಂಪು ಪೆನ್ನು ತಿನ್ನುವ ತಪ್ಪು ‘ಡ್ಯೂ ಟು ಐ ವಾಸ್ ಇಲ್’. ಇದು ‘ನಾನು ಹುಷಾರಿರಲಿಲ್ಲಯಿಂದ’ ಎಂದಂತೆ. ಕನ್ನಡದಲ್ಲಿ ನಾಲಿಗೆಯೇ ಏಳದು, ಇಂಗ್ಲಿಷಿನಲ್ಲಿ ಮಾತ್ರ ಸಲೀಸಾಗಿ ಬರೆದುಬಿಡುತ್ತೇವೆ. ತಿದ್ದಲು ಎರಡು ದಾರಿಗಳಿವೆ: ‘ಡ್ಯೂ ಟು ಇಲ್‌ನೆಸ್’ ಎಂದು ನಾಮಪದ ಇಡಿ, ಇಲ್ಲವೇ ‘ಬಿಕಾಸ್ ಐ ವಾಸ್ ಇಲ್’ ಎಂದು ಗುಂಪನ್ನೇ ಬದಲಿಸಿ. ‘ಡ್ಯೂ ಟು ದ ಫ್ಯಾಕ್ಟ್ ದ್ಯಾಟ್’ ಎಂಬ ಮೂರನೆಯ ದಾರಿಯನ್ನು ಕೆಲವರು ಹಿಡಿಯುತ್ತಾರೆ. ವ್ಯಾಕರಣದ ಪ್ರಕಾರ ತಪ್ಪಲ್ಲ. ಆದರೆ ಒಂದು ಪದದ ಕೆಲಸಕ್ಕೆ ಐದು ಪದಗಳ ಮೆರವಣಿಗೆ ಏಕೆ?

ಇಲ್ಲೊಂದು ಎಚ್ಚರಿಕೆ. ನಮ್ಮ ‘ಇಂದ’ ಬಹಳ ದುಡಿಯುವ ಪ್ರತ್ಯಯ. ಧಾರವಾಡದಿಂದ ಹೊರಟೆ ಎಂದರೆ ಫ್ರಮ್, ಚಾಕುವಿನಿಂದ ಕೊಯ್ದೆ ಎಂದರೆ ವಿತ್, ಸೋಮವಾರದಿಂದ ಎಂದರೆ ಸಿನ್ಸ್, ಎರಡು ದಿನಗಳಿಂದ ಎಂದರೆ ಫಾರ್. ಕೊನೆಯ ಎರಡನ್ನು ಬೇರೆಬೇರೆಯಾಗಿ ನೆನಪಿಡಿ. ಶುರುವಾದ ಗಳಿಗೆಯನ್ನು ಹೇಳುವಾಗ ಸಿನ್ಸ್, ಕಳೆದ ಕಾಲದ ಅಳತೆಯನ್ನು ಹೇಳುವಾಗ ಫಾರ್. ನಮ್ಮ ವಾಕ್ಯದ ‘ಇಂದ’ ನಿಜಕ್ಕೂ ಕಾರಣ ಹೇಳುತ್ತಿದೆಯೇ ಎಂದು ತಿಳಿಯಲು ಅದರ ಜಾಗದಲ್ಲಿ ‘ಕಾರಣದಿಂದ’ ಎಂದು ಇಟ್ಟು ನೋಡಿ. ‘ಮಳೆಯ ಕಾರಣದಿಂದ ಆಟ ನಿಂತಿತು’ ಸರಿಹೋಗುತ್ತದೆ. ‘ಚಾಕುವಿನ ಕಾರಣದಿಂದ ಬದನೆಕಾಯಿ ಕೊಯ್ದೆ’ ಎಂದರೆ ಮನೆಯವರು ನಗುತ್ತಾರೆ.

ಎರಡನೆಯ ಹೆಜ್ಜೆ: ಪೂರ್ಣವಿರಾಮ ಎಲ್ಲಿ?

‘ನಾನು ನಿನ್ನೆ ಬರಲಿಲ್ಲ. ಏಕೆಂದರೆ ಬಸ್ ತಪ್ಪಿತು.’ ಕನ್ನಡದಲ್ಲಿ ಇದಕ್ಕೆ ಯಾವ ಊನವೂ ಇಲ್ಲ. ‘ಏಕೆಂದರೆ’ ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದು. ಬಿಕಾಸ್ ನಿಲ್ಲಲಾರದು. ‘ಐ ಡಿಡ್ ನಾಟ್ ಕಮ್’ ಎಂದು ಪೂರ್ಣವಿರಾಮ ಇಟ್ಟು, ‘ಬಿಕಾಸ್ ಐ ಮಿಸ್ಡ್ ದ ಬಸ್’ ಎಂದು ಬೇರೆ ವಾಕ್ಯ ಮಾಡಿದರೆ, ಆ ಎರಡನೆಯದು ಬರವಣಿಗೆಯಲ್ಲಿ ಅರ್ಧ ವಾಕ್ಯವೆಂದೇ ಲೆಕ್ಕ. ನಡುವಿನ ಪೂರ್ಣವಿರಾಮ ಅಳಿಸಿ. ಅಲ್ಪವಿರಾಮವೂ ಸಾಮಾನ್ಯವಾಗಿ ಬೇಡ.

ಕಾರಣವನ್ನು ಮೊದಲಿಗೆ ಹೇಳಬೇಕೆನಿಸಿದರೆ ‘ಬಿಕಾಸ್ ಐ ಮಿಸ್ಡ್ ದ ಬಸ್, ಐ ಡಿಡ್ ನಾಟ್ ಕಮ್’ ಎನ್ನಬಹುದು. ಆಗ ನಡುವೆ ಅಲ್ಪವಿರಾಮ ಬೇಕು. ಬಿಕಾಸ್ ಪದದಿಂದ ವಾಕ್ಯ ಆರಂಭಿಸಲೇಬಾರದು ಎಂದು ಶಾಲೆಯಲ್ಲಿ ಹೇಳಿಸಿಕೊಂಡವರು ಬಹಳ ಮಂದಿ. ಅರ್ಧ ವಾಕ್ಯ ಬರೆಯದಿರಲಿ ಎಂದು ಮಕ್ಕಳಿಗೆ ಹಾಕಿದ ಬೇಲಿ ಅದು. ವಾಕ್ಯ ಪೂರ್ತಿಯಾಗಿದ್ದರೆ ಬೇಲಿ ದಾಟಬಹುದು.

ಮೂರನೆಯ ಹೆಜ್ಜೆ: ಒಂದು ಕೀಲಿಗೆ ಒಂದೇ ಕೊಂಡಿ

‘ಮಳೆ ಬಂತಲ್ಲ, ಅದಕ್ಕೇ ನಾನು ಬರಲಿಲ್ಲ.’ ಕಾರಣದ ಕಡೆಗೂ ಒಂದು ಗುರುತು, ಫಲದ ಕಡೆಗೂ ಒಂದು ಗುರುತು. ನಮಗೆ ಇದು ಸಹಜ. ಇದೇ ರೂಢಿಯಲ್ಲಿ ‘ಬಿಕಾಸ್ ಇಟ್ ರೇನ್ಡ್, ಸೋ ಐ ಡಿಡ್ ನಾಟ್ ಕಮ್’ ಎಂದು ಬರೆಯುತ್ತೇವೆ. ಇಂಗ್ಲಿಷಿಗೆ ಎರಡು ಕಡೆಯ ಗುರುತು ಬೇಡ. ಬಿಕಾಸ್ ಇಟ್ಟರೆ ಸೋ ತೆಗೆಯಿರಿ, ಸೋ ಇಟ್ಟರೆ ಬಿಕಾಸ್ ತೆಗೆಯಿರಿ. ಸಿನ್ಸ್, ಆ್ಯಸ್ ಪದಗಳಿಗೂ ಇದೇ ಮಾತು. ‘ದ ರೀಸನ್ ಈಸ್ ಬಿಕಾಸ್’ ಎಂಬುದೂ ಇದರ ತಮ್ಮನೇ. ರೀಸನ್ ಎಂದಾಗಲೇ ಕಾರಣ ಬಂದಾಯಿತು, ಆದ್ದರಿಂದ ‘ದ ರೀಸನ್ ಈಸ್ ದ್ಯಾಟ್’ ಎಂದರೆ ಸಾಕು.

ನಾಲ್ಕನೆಯ ಹೆಜ್ಜೆ: ಕಾರಣ ಹೊಸತೋ, ಗೊತ್ತಿದ್ದದ್ದೋ?

ಬಿಕಾಸ್, ಸಿನ್ಸ್, ಆ್ಯಸ್ ಮೂರೂ ಒಂದೇ ಎಂದು ಗೈಡುಗಳಲ್ಲಿ ಬರೆದಿರುತ್ತದೆ. ಅರ್ಥದಲ್ಲಿ ಹತ್ತಿರವೇ, ಆದರೆ ಒತ್ತು ಬೇರೆ. ‘ಏಕೆ?’ ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ಸಲ್ಲುವುದು ಬಿಕಾಸ್ ಒಂದೇ. ಕೇಳುವವರಿಗೆ ಕಾರಣವೇ ಹೊಸ ಸುದ್ದಿ ಎನ್ನುವಲ್ಲಿ ಅದನ್ನು ಬಳಸಿ. ಕಾರಣ ಇಬ್ಬರಿಗೂ ಮೊದಲೇ ಗೊತ್ತಿದ್ದು, ಅದರ ಮೇಲೆ ನಿಂತು ಬೇರೇನನ್ನೋ ಹೇಳುವಾಗ ಸಿನ್ಸ್.

ಇದಕ್ಕೆ ಕನ್ನಡದಲ್ಲಿ ಪಕ್ಕಾ ಜೋಡಿ ಇದೆ: ‘ಹೇಗೂ … ಅಲ್ಲ’. ‘ಹೇಗೂ ಹುಬ್ಬಳ್ಳಿಗೆ ಹೊರಟಿದ್ದೀರಲ್ಲ, ಈ ಚೀಲವನ್ನೂ ಒಯ್ಯಿರಿ.’ ಹುಬ್ಬಳ್ಳಿಗೆ ಹೊರಟಿರುವುದು ಹೊಸ ಸುದ್ದಿಯಲ್ಲ, ಚೀಲವೇ ಹೊಸತು. ‘ಸಿನ್ಸ್ ಯು ಆರ್ ಗೋಯಿಂಗ್ ಟು ಹುಬ್ಬಳ್ಳಿ, ಟೇಕ್ ದಿಸ್ ಬ್ಯಾಗ್ ಟೂ.’ ನಿಮ್ಮ ಕನ್ನಡ ವಾಕ್ಯದಲ್ಲಿ ‘ಹೇಗೂ … ಅಲ್ಲ’ ಕೂರುವುದಾದರೆ ಸಿನ್ಸ್ ಧೈರ್ಯವಾಗಿ ಹಾಕಿ. ಇನ್ನೊಂದು ಪರೀಕ್ಷೆ: ‘ಕೇವಲ ಇದೇ ಕಾರಣಕ್ಕೆ’ ಎಂದು ಒತ್ತಿ ಹೇಳುವಾಗ ಓನ್ಲಿ, ಜಸ್ಟ್, ಸಿಂಪ್ಲಿ ಇವು ಬಿಕಾಸ್ ಹಿಂದೆ ಮಾತ್ರ ನಿಲ್ಲುತ್ತವೆ, ಸಿನ್ಸ್ ಹಿಂದೆ ನಿಲ್ಲುವುದಿಲ್ಲ.

ನನ್ನ ತರಗತಿಯಲ್ಲಿ ಬ್ಯಾಡಗಿ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಊರಿನ ಶಾಲೆಯ ರೂಢಿಯಂತೆ ನನ್ನನ್ನು ಇನ್ನೂ ‘ಅಕ್ಕೋರೆ’ ಎಂದೇ ಕರೆಯುತ್ತಾಳೆ. ಮನೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ, ಹಾಗಾಗಿ ಬರೆಯುವುದೆಲ್ಲ ಅದರ ಬಗ್ಗೆಯೇ. ಒಂದು ದಿನ ಬರೆದಿದ್ದಳು: ‘ದ ಪ್ರೈಸ್ ಹ್ಯಾಸ್ ಫಾಲನ್ ಸಿನ್ಸ್ ದಿ ಅರೈವಲ್ಸ್ ಇನ್‌ಕ್ರೀಸ್ಡ್.’ ಅವಳ ಮನಸ್ಸಿನಲ್ಲಿದ್ದದ್ದು ಆವಕ ಹೆಚ್ಚಿದ್ದರಿಂದ ದರ ಇಳಿದಿದೆ ಎಂದು. ಓದಿದ ನನಗೆ ಆವಕ ಹೆಚ್ಚಿದಂದಿನಿಂದ ದರ ಇಳಿದಿದೆ ಎಂದೂ ಕಂಡಿತು. ಕಾರಣವೋ, ಕಾಲವೋ? ಸಿನ್ಸ್ ಪದಕ್ಕೆ ಎರಡೂ ಹೆಗಲ ಮೇಲಿವೆ. ಇಂಥ ಅನುಮಾನ ಬಂದ ಕಡೆ ಯೋಚಿಸದೆ ಬಿಕಾಸ್ ಹಾಕುವುದೇ ಕ್ಷೇಮ.

ಆ್ಯಸ್ ಇನ್ನೂ ಜಾರುಗುಪ್ಪೆ. ‘ಆ್ಯಸ್ ದ ಬಸ್ ಸ್ಟಾಪ್ಡ್, ಹಿ ಗಾಟ್ ಅಪ್’ ಎಂದರೆ ಬಸ್ ನಿಂತದ್ದರಿಂದ ಎದ್ದನೋ, ನಿಲ್ಲುತ್ತಿದ್ದಂತೆ ಎದ್ದನೋ ತಿಳಿಯದು. ಕಾರಣಕ್ಕಾಗಿ ಆ್ಯಸ್ ಬಳಸುವುದರಲ್ಲಿ ಜಿಪುಣರಾಗಿರಿ ಎಂದು ನಾನು ಹೇಳುತ್ತೇನೆ.

ನಡುವೆ ಒಂದು ಗುಂಡಿ: ಇಲ್ಲ ಮತ್ತು ಬಿಕಾಸ್ ಒಟ್ಟಿಗೆ ಬಂದಾಗ

ಅದೇ ಹುಡುಗಿ ಇನ್ನೊಮ್ಮೆ ಬರೆದದ್ದು: ‘ಪೀಪಲ್ ಡೂ ನಾಟ್ ಬೈ ಬ್ಯಾಡಗಿ ಚಿಲ್ಲಿ ಬಿಕಾಸ್ ಇಟ್ ಈಸ್ ಹಾಟ್.’ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ. ಸುಕ್ಕುಸುಕ್ಕಾದ ಕಡುಗೆಂಪು ಕಾಯಿ, ಖಾರ ಕಡಿಮೆ. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಗಟ್ಟಿ ಸಾರ ತಿನಿಸುಗಳಿಗೆ ಬಣ್ಣ ಕೊಡಲು ಹೋಗುತ್ತದೆ. ಜನ ಅದನ್ನು ಕೊಳ್ಳುವುದು ಖಾರವಿದೆ ಎಂದಲ್ಲ ಎನ್ನುವುದು ಅವಳ ಮಾತು. ಆದರೆ ಬೆಂಗಳೂರಿನವರೊಬ್ಬರು ಆ ವಾಕ್ಯ ಓದಿದರೆ, ಬಹಳ ಖಾರವಾದ್ದರಿಂದ ಜನ ಅದನ್ನು ಕೊಳ್ಳುವುದೇ ಇಲ್ಲ ಎಂದುಕೊಳ್ಳಬಹುದು. ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ‘ಅಕ್ಕೋರೆ, ಅಪ್ಪನಿಗೆ ಇದನ್ನು ತೋರಿಸಬೇಡಿ’ ಎಂದಳು.

ಮೊದಲು ‘ನಾಟ್’ ಬಂದು ಆಮೇಲೆ ಬಿಕಾಸ್ ಬಂದಾಗ, ನಾಟ್ ಯಾವುದನ್ನು ಅಲ್ಲಗಳೆಯುತ್ತಿದೆ ಎಂಬುದು ಮಸುಕಾಗುತ್ತದೆ. ಕನ್ನಡದಲ್ಲಿ ‘ಖಾರವೆಂದು ಕೊಳ್ಳುವುದಿಲ್ಲ’ ಎಂದರೂ ಇದೇ ತೊಡಕು. ಆದರೆ ನಮ್ಮ ಬಳಿ ‘ಕೊಳ್ಳುವುದು ಖಾರವೆಂದಲ್ಲ’ ಎಂದು ತಿರುಗಿಸುವ ಸೌಲಭ್ಯವಿದೆ. ಇಂಗ್ಲಿಷಿನಲ್ಲೂ ಹಾಗೆಯೇ ತಿರುಗಿಸಿ, ನಾಟ್ ಪದವನ್ನು ಬಿಕಾಸ್ ಪಕ್ಕಕ್ಕೆ ತಂದು ಕೂರಿಸಿ: ‘ಪೀಪಲ್ ಬೈ ಇಟ್ ನಾಟ್ ಬಿಕಾಸ್ ಇಟ್ ಈಸ್ ಹಾಟ್ ಬಟ್ ಬಿಕಾಸ್ ಇಟ್ ಈಸ್ ರೆಡ್.’ ಈಗ ಮೆಣಸಿನಕಾಯಿಯ ಮಾನ ಉಳಿಯಿತು.

ಐದನೆಯ ಹೆಜ್ಜೆ: ಫಲ ಹೇಳುವ ಪದಗಳು

ಇಲ್ಲಿಯವರೆಗೆ ಕಾರಣದ ಕಡೆ ನಿಂತಿದ್ದೆವು. ಫಲದ ಕಡೆಯಿಂದ ಹೇಳುವಾಗ ನಮಗೆ ‘ಆದ್ದರಿಂದ’, ‘ಹಾಗಾಗಿ’ ಇವೆ. ಇಂಗ್ಲಿಷಿನಲ್ಲಿ ಸೋ, ದೇರ್‌ಫೋರ್, ಹೆನ್ಸ್, ದಸ್, ಕಾನ್ಸಿಕ್ವೆಂಟ್ಲಿ, ಆ್ಯಸ್ ಎ ರಿಸಲ್ಟ್ ಎಂದು ಸಂತೆಯೇ ನೆರೆದಿದೆ.

ದಿನದ ಮಾತಿಗೆ, ಕಾಗದಕ್ಕೆ, ಇಮೇಲಿಗೆ ಸೋ ಸಾಕು. ಅದು ಎರಡು ವಾಕ್ಯಗಳನ್ನು ಹೊಲಿಯುತ್ತದೆ, ಹಿಂದೆ ಒಂದು ಅಲ್ಪವಿರಾಮ ಕೇಳುತ್ತದೆ. ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ ನಿಮಗೆ ಗೊತ್ತು, 1507 ಮೀಟರ್. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಳ್ಳದೆ ನಿಂತರೆ ಸಾಮಾನು ಹೊತ್ತು ಓಡಬೇಕು. ‘ದ ಪ್ಲಾಟ್‌ಫಾರ್ಮ್ ಈಸ್ ವೆರಿ ಲಾಂಗ್, ಸೋ ಆಸ್ಕ್ ವೇರ್ ಯುವರ್ ಕೋಚ್ ಸ್ಟಾಪ್ಸ್.’

ದೇರ್‌ಫೋರ್ ಹೊಲಿಯುವ ದಾರವಲ್ಲ, ಎರಡನೆಯ ವಾಕ್ಯದ ಬಾಗಿಲಿಗೆ ನೇತುಹಾಕಿದ ಫಲಕ. ಆದ್ದರಿಂದ ಅದರ ಹಿಂದೆ ಬರಿಯ ಅಲ್ಪವಿರಾಮ ಸಾಲದು. ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು, ಮುಂದೆ ಅಲ್ಪವಿರಾಮ. ಗದಗಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದ ನನ್ನ ಸೋದರಮಾವ ಅರ್ಧವಿರಾಮವನ್ನು ‘ಅರ್ಧ ಮುಚ್ಚಿದ ಬಾಗಿಲು’ ಎನ್ನುತ್ತಿದ್ದರು. ಆಚೆಯವರು ಬೇರೆ ಮನೆಯವರು, ಆದರೆ ಮಾತು ಬಿಟ್ಟಿಲ್ಲ. ದೇರ್‌ಫೋರ್ ಹಿಂದೆ ಅದನ್ನು ಇಡುವಾಗಲೆಲ್ಲ ನನಗೆ ಅವರ ನೆನಪು.

ಇಲ್ಲಿ ನಿಜವಾದ ಆಯ್ಕೆ ಇರುವುದು ಘಟನೆಗೂ ತೀರ್ಮಾನಕ್ಕೂ ನಡುವೆ. ‘ರಸ್ತೆಗೆ ಮರ ಬಿತ್ತು, ಹಾಗಾಗಿ ಬಸ್ ತಡವಾಯಿತು.’ ಮರ ಬಿದ್ದದ್ದೇ ಬಸ್ಸನ್ನು ತಡೆಯಿತು, ಒಂದು ಘಟನೆ ಇನ್ನೊಂದನ್ನು ಹುಟ್ಟಿಸಿತು. ಇಲ್ಲಿ ಆ್ಯಸ್ ಎ ರಿಸಲ್ಟ್ ಚೆನ್ನಾಗಿ ಒಪ್ಪುತ್ತದೆ. ‘ದೀಪ ಆರಿದೆ, ಹಾಗಾಗಿ ಮನೆಯಲ್ಲಿ ಯಾರೂ ಇಲ್ಲ.’ ದೀಪ ಆರಿತೆಂದು ಮನೆಯವರು ಎದ್ದು ಹೋಗಲಿಲ್ಲ. ಅದನ್ನು ನೋಡಿ ನಾವು ಊಹಿಸಿದೆವು. ಇಲ್ಲಿ ಆ್ಯಸ್ ಎ ರಿಸಲ್ಟ್ ಹಾಕಿದರೆ ವಾಕ್ಯ ಹಾಸ್ಯವಾಗುತ್ತದೆ. ಸೋ ಅಥವಾ ದೇರ್‌ಫೋರ್ ಬೇಕು. ಪತ್ತೆ ಹಚ್ಚುವುದು ಸುಲಭ: ‘ಹಾಗಾಗಿ’ ತೆಗೆದು ‘ಪರಿಣಾಮವಾಗಿ’ ಎಂದು ಇಡಿ, ಆಮೇಲೆ ‘ಹಾಗಾದರೆ’ ಎಂದು ಇಡಿ. ಮೊದಲನೆಯದು ಹೊಂದಿದರೆ ಆ್ಯಸ್ ಎ ರಿಸಲ್ಟ್, ಎರಡನೆಯದು ಮಾತ್ರ ಹೊಂದಿದರೆ ಸೋ ಅಥವಾ ದೇರ್‌ಫೋರ್.

ಉಳಿದವು ಚುಟುಕಾಗಿ. ದಸ್ ಎಂದರೆ ಬಹುಪಾಲು ‘ಹೀಗೆ’, ಗಣಿತದ ಉತ್ತರದ ಕೊನೆಗೆ ಹೇಳಿ ಮಾಡಿಸಿದ್ದು. ಕಾನ್ಸಿಕ್ವೆಂಟ್ಲಿ ವರದಿಗಳ ಪದ, ಅಜ್ಜಿಗೆ ಬರೆಯುವ ಕಾಗದದ್ದಲ್ಲ. ಹೆನ್ಸ್ ಪದಕ್ಕೆ ಒಂದು ವಿಶೇಷವಿದೆ, ಅದರ ಮುಂದೆ ಕ್ರಿಯಾಪದವಿಲ್ಲದೆ ನಾಮಪದವೊಂದೇ ನಿಲ್ಲಬಹುದು: ‘ಹೆನ್ಸ್ ದ ಡಿಲೇ’, ತಡವಾದದ್ದು ಅದಕ್ಕೇ. ಅರ್ಜಿಯ ಕೊನೆಯಲ್ಲಿ ‘ಹೆನ್ಸ್ ಕೈಂಡ್ಲಿ’ ಎಂದು ಬರೆಯುವ ಕಚೇರಿ ಚಾಳಿ ನನಗೆ ಹಿಡಿಸುವುದಿಲ್ಲ. ಮಾಡಬೇಡಿ ಎಂದರೂ ಮಾಡುತ್ತೀರಿ, ಗೊತ್ತು.

ಸೋ ಮತ್ತು ಸೋ ದ್ಯಾಟ್ ಒಂದೇ ಅಲ್ಲ. ‘ಬೇಗ ಹೊರಟೆ, ಹಾಗಾಗಿ ರೈಲು ಸಿಕ್ಕಿತು’ ಎಂದರೆ ಸೋ, ಆದದ್ದನ್ನು ಹೇಳುತ್ತಿದ್ದೀರಿ. ‘ರೈಲು ಸಿಗಲೆಂದು ಬೇಗ ಹೊರಟೆ’ ಎಂದರೆ ಸೋ ದ್ಯಾಟ್, ಉದ್ದೇಶ ಹೇಳುತ್ತಿದ್ದೀರಿ. ರೈಲು ಸಿಕ್ಕಿತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕನ್ನಡದ ‘-ಲೆಂದು’ ಕಂಡರೆ ಸೋ ದ್ಯಾಟ್.

ಆರನೆಯ ಹೆಜ್ಜೆ: ನಾಮಪದದ ಗುಂಪಿನಲ್ಲಿ ಯಾವುದು?

ಡ್ಯೂ ಟು ಬಗ್ಗೆ ಹಳೆಯ ವ್ಯಾಕರಣಕಾರರದು ಕಟ್ಟುನಿಟ್ಟು. ಅದು ಒಂದು ನಾಮಪದವನ್ನು ಬಣ್ಣಿಸಬೇಕು, ಈಸ್ ಅಥವಾ ವಾಸ್ ನಂತರ ಬರಬೇಕು ಎನ್ನುತ್ತಿದ್ದರು: ‘ದ ಡಿಲೇ ವಾಸ್ ಡ್ಯೂ ಟು ರೇನ್.’ ಕ್ರಿಯೆಯೊಂದಕ್ಕೆ ಕಾರಣ ಹೇಳುವಾಗ ಬಿಕಾಸ್ ಆಫ್ ಅಥವಾ ಓವಿಂಗ್ ಟು: ‘ದ ಬಸ್ ಸ್ಟಾಪ್ಡ್ ಬಿಕಾಸ್ ಆಫ್ ರೇನ್.’ ಇಂದು ಎರಡೂ ಕಡೆ ಡ್ಯೂ ಟು ಬಳಸುವುದನ್ನು ಒಪ್ಪುತ್ತಾರೆ. ಆದರೆ ಪರೀಕ್ಷೆಯಲ್ಲಿ ಉತ್ತರ ತಿದ್ದುವವರು ಹಳೆಯ ಶಾಲೆಯವರಾಗಿದ್ದರೆ? ಹಳೆಯ ನಿಯಮ ಪಾಲಿಸಿದರೆ ಎರಡೂ ಶಾಲೆಯವರು ಸುಮ್ಮನಿರುತ್ತಾರೆ.

ಥ್ಯಾಂಕ್ಸ್ ಟು ಒಳ್ಳೆಯದಕ್ಕೆ. ‘ನಿಮ್ಮ ದಯೆಯಿಂದ ಕೆಲಸವಾಯಿತು’ ಎನ್ನುವ ಕಡೆ ಹೊಂದುತ್ತದೆ. ಕೆಟ್ಟದ್ದಕ್ಕೆ ಬಳಸಿದರೆ ಕುಟುಕಾಗುತ್ತದೆ, ‘ನಿಮ್ಮ ಪುಣ್ಯದಿಂದ ರೈಲು ತಪ್ಪಿತು’ ಎಂದಂತೆ. ಮೇಲಧಿಕಾರಿಗೆ ಬರೆಯುವಾಗ ನೋಡಿಕೊಳ್ಳಿ.

‘ಕಾರಣ’ ಎಂಬ ನಾಮಪದಕ್ಕೂ ಎರಡು ಮುಖಗಳಿವೆ. ಮನುಷ್ಯ ಯೋಚಿಸಿ ಮಾಡಿದ್ದಕ್ಕೆ ರೀಸನ್ ಫಾರ್, ತಾನಾಗಿ ಆದದ್ದಕ್ಕೆ ಕಾಸ್ ಆಫ್: ರಾಜೀನಾಮೆಗೆ ರೀಸನ್, ಬೆಂಕಿಗೆ ಕಾಸ್. ರಿಸಲ್ಟ್ ಇನ್ ಎಂದಾಗ ಮುಂದೆ ಫಲ, ರಿಸಲ್ಟ್ ಫ್ರಮ್ ಎಂದಾಗ ಮುಂದೆ ಕಾರಣ. ಇನ್ ಒಳಕ್ಕೆ, ಫ್ರಮ್ ಹಿಂದಕ್ಕೆ.

ಈಗ ಆ ರಜೆ ಚೀಟಿ

‘ಸಿನ್ಸ್ ಟೂ ಡೇಸ್’ ಎಂಬುದು ಎರಡು ದಿನಗಳ ಅಳತೆ, ಆದ್ದರಿಂದ ‘ಫಾರ್ ಟೂ ಡೇಸ್’. ಜ್ವರ ಅಂದು ಶುರುವಾಗಿ ಇಂದಿಗೂ ಇರುವುದರಿಂದ ಕ್ರಿಯಾಪದವೂ ‘ಹ್ಯಾವ್ ಹ್ಯಾಡ್’ ಆಗಬೇಕು. ಆ್ಯಸ್, ಸೋ ಎರಡರಲ್ಲಿ ಒಂದನ್ನು ಕಳಿಸಿಬಿಡಿ. ನಾನಾದರೆ ಆ್ಯಸ್ ಪದವನ್ನು ಕಳಿಸುತ್ತೇನೆ: ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಟೂ ಡೇಸ್, ಸೋ ಐ ಕೆನಾಟ್ ಕಮ್ ಟುಡೇ. ಪ್ಲೀಸ್ ಗ್ರಾಂಟ್ ಮಿ ಲೀವ್.’

ಕೈ ಪಳಗಲಿ ಎಂದು ನಾಲ್ಕು ವಾಕ್ಯಗಳು. ಕೆಳಗಿನ ಉತ್ತರವನ್ನು ಅಂಗೈಯಿಂದ ಮುಚ್ಚಿಕೊಂಡು ಬರೆಯಿರಿ.

1. ಕರೆಂಟು ಹೋದದ್ದರಿಂದ ಗಿರಣಿ ನಿಂತಿತು.
2. ಹೇಗೂ ಗದಗಿಗೆ ಬಂದಿದ್ದೀರಲ್ಲ, ವೀರನಾರಾಯಣ ಗುಡಿ ನೋಡಿಕೊಂಡು ಹೋಗಿ.
3. ಅವನ ಮೊಬೈಲ್ ಹತ್ತುತ್ತಿಲ್ಲ, ಹಾಗಾಗಿ ಇನ್ನೂ ರೈಲಿನಲ್ಲೇ ಇದ್ದಾನೆ.
4. ಮಳೆಯಿಂದ ಸೋಮವಾರದಿಂದ ಶಾಲೆ ಮುಚ್ಚಿದೆ.

ಮೊದಲನೆಯದರಲ್ಲಿ ‘ಇಂದ’ ಕ್ರಿಯೆಗೆ ಅಂಟಿದೆ, ಬಿಕಾಸ್ ಹಾಕಿ ಪೂರ್ತಿ ವಾಕ್ಯ ಬರೆಯಿರಿ. ಎರಡನೆಯದು ‘ಹೇಗೂ … ಅಲ್ಲ’, ಸಿನ್ಸ್. ಮೂರನೆಯದು ಊಹೆ, ಸೋ ಆಗುತ್ತದೆ, ಆ್ಯಸ್ ಎ ರಿಸಲ್ಟ್ ಆಗದು. ನಾಲ್ಕನೆಯದರಲ್ಲಿ ಎರಡು ‘ಇಂದ’ಗಳಿವೆ, ಒಂದು ಕಾರಣದ್ದು, ಇನ್ನೊಂದು ಕಾಲದ್ದು: ‘ದ ಸ್ಕೂಲ್ ಹ್ಯಾಸ್ ಬೀನ್ ಕ್ಲೋಸ್ಡ್ ಸಿನ್ಸ್ ಮಂಡೇ ಬಿಕಾಸ್ ಆಫ್ ದ ರೇನ್.’